ಔಷಧಿಗಿಂತ ಮೊದಲು ಗುದ್ದಲಿ

ಶೃಂಗೇರಿಯಿಂದ ಕೆರೆಕಟ್ಟೆಯ ಕಡೆಗೆ ಹೋಗುವ ರಸ್ತೆಗೆ ತುಂಗೆ ಬಹುದೂರ ಜೊತೆ ಕೊಡುತ್ತಾಳೆ. ಆ ದಾರಿಯಲ್ಲಿ ಸಿಗುವ ಊರು ನೆಮ್ಮಾರ್. ಮೇಲೆ ಕುದುರೆಮುಖದ ಕಾಡು, ಕೆಳಗೆ ಹೊಳೆ, ನಡುವಿನ ಕಣಿವೆಯಲ್ಲಿ ಅಡಿಕೆ ತೋಟ, ಮರಕ್ಕೆ ಹಬ್ಬಿಸಿದ ಕಾಳುಮೆಣಸು, ಒಂದಿಷ್ಟು ಗದ್ದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಸೀಮೆ ಇದು. ಇಲ್ಲಿ ಅಡಿಕೆ ಮರದ ಸೋಗೆ ಬಣ್ಣಗೆಟ್ಟಿತೆಂದರೆ ನೋಡಿದವರ ಬಾಯಲ್ಲಿ ಬರುವುದು ಒಂದೇ ಮಾತು: ಹಳದಿ ರೋಗ ಬಂತು. ಆ ಭಯಕ್ಕೆ ಕಾರಣವಿದೆ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳ ಎಷ್ಟೋ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿಂದುಹಾಕಿದೆ. ಆದರೆ ಸೋಗೆ ಹಳದಿಯಾಗುವುದಕ್ಕೆ ಆ ರೋಗವೊಂದೇ ಬೇಕಿಲ್ಲ. ನೀರು ಬಸಿಯದ ತೋಟವೂ ಹಳದಿಯಾಗುತ್ತದೆ, ಗೊಬ್ಬರ ಕಾಣದ ತೋಟವೂ ಹಳದಿಯಾಗುತ್ತದೆ. ಮಣ್ಣಿನೊಳಗೆ ಕೂತು ಬೇರು ಕತ್ತರಿಸುವ ಹುಳು ಸೇರಿಕೊಂಡ ತೋಟವೂ ಹಳದಿಯಾಗುತ್ತದೆ. ಈ ಅಧ್ಯಾಯ ಆ ಹುಳುವಿನದು, ಜೊತೆಗೆ ಅದನ್ನು ಕೊಲ್ಲಲೆಂದು ನಾವು ದಶಕಗಟ್ಟಲೆ ಮಣ್ಣಿಗೆ ಬೀರಿದ ವಿಷದ ಹರಳಿನದು.

ತೋಟದವರು ಅದನ್ನು ಬೇರುಹುಳು ಎನ್ನುತ್ತಾರೆ. ಕರಪತ್ರಗಳಲ್ಲಿ ಗೊಣ್ಣೆ ಹುಳು ಎಂದಿರುತ್ತದೆ. ಬಿಳಿ ಮೈ, ಕಂದು ತಲೆ, ಗಟ್ಟಿ ದವಡೆ, ಎದೆಯ ಬಳಿ ಮೂರು ಜೊತೆ ಕಾಲು. ಅಗೆದು ಮೇಲೆ ಹಾಕಿದರೆ ಮೈ ಬಾಗಿಸಿಕೊಂಡು ಬಿದ್ದಿರುತ್ತದೆ. ಲ್ಯೂಕೋಫೋಲಿಸ್ ಎಂಬ ಕುಲಕ್ಕೆ ಸೇರಿದ ದುಂಬಿಗಳ ಮರಿ ಇದು. ಲೆಪಿಡೊಫೋರಾ, ಬರ್ಮೈಸ್ಟೆರಿ, ಕೋನಿಯೋಫೋರಾ ಎಂಬ ಮೂರು ಪ್ರಭೇದಗಳು ನಮ್ಮ ಅಡಿಕೆ, ತೆಂಗಿನ ಬುಡದಲ್ಲಿ ಸಿಗುತ್ತವೆ. ಮಳೆ ಮಣ್ಣನ್ನು ತೋಯಿಸಿದ ಮೇಲೆ ಸಂಜೆ ಮಬ್ಬು ಕವಿಯುವ ಹೊತ್ತಿಗೆ ದುಂಬಿಗಳು ನೆಲದಿಂದ ಮೇಲೆದ್ದು, ಸ್ವಲ್ಪ ಹೊತ್ತು ಹಾರಾಡಿ, ಕೂಡಿ, ಮತ್ತೆ ಮಣ್ಣಿಗಿಳಿದು ಮೊಟ್ಟೆ ಇಡುತ್ತವೆ. ಮೂರು ವಾರದ ಆಸುಪಾಸಿನಲ್ಲಿ ಮರಿ ಹೊರಬರುತ್ತದೆ. ಸಣ್ಣ ಮರಿಗೆ ಕೊಳೆತ ಸೊಪ್ಪು, ಎಳೆಬೇರು ಸಾಕು. ಎರಡು ಸಲ ಪೊರೆ ಕಳಚಿ ಮೂರನೆಯ ಹಂತಕ್ಕೆ ಬಂದಾಗ ಅದರ ಹಸಿವು ಕೆರಳುತ್ತದೆ. ದಪ್ಪ ಬೇರನ್ನೂ ಬಿಡುವುದಿಲ್ಲ. ಪ್ರಭೇದಕ್ಕೆ ತಕ್ಕಂತೆ ಒಂದು ವರ್ಷವೋ ಎರಡು ವರ್ಷವೋ ನೆಲದೊಳಗೇ ಕಳೆಯುತ್ತದೆ. ದುಂಬಿಯಾಗಿ ಹೊರಗಿರುವುದು ಸಂಜೆಗೆ ಅರ್ಧ ಗಂಟೆಯ ಲೆಕ್ಕ. ಈ ಜೀವವನ್ನು ನಾವು ಕಾಣದೇ ಇರುವುದು ಅದಕ್ಕೇ.

ಬೇರು ಹೋದ ಮರ ಏನು ಮಾಡೀತು? ಮಣ್ಣಿನಲ್ಲಿ ನೀರಿದ್ದರೂ ಎಳೆಯಲಾರದು. ಸೋಗೆ ಹಳದಿಯಾಗಿ ಜೋಲುತ್ತದೆ, ಎಳೆಗಾಯಿ ಉದುರುತ್ತದೆ, ತುದಿ ಸಣಕಲಾಗುತ್ತದೆ. ವಿಪರೀತವಾದರೆ ಮರವನ್ನು ಕೈಯಲ್ಲಿ ಅಲುಗಿಸಿದರೆ ಅಲುಗುತ್ತದೆ, ಗಾಳಿಗೆ ಬೀಳುತ್ತದೆ.

ಹಳದಿ ಎಲೆ ರೋಗದ ಕಥೆ ಬೇರೆಯೇ. ಕೇರಳದಲ್ಲಿ 1914ರ ಹೊತ್ತಿಗೇ ಗಮನಕ್ಕೆ ಬಂದಿದ್ದ ಈ ರೋಗಕ್ಕೆ ಕಾರಣ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ. ಕೋಶಕ್ಕೆ ಗೋಡೆಯಿಲ್ಲದ, ಪ್ರಯೋಗಶಾಲೆಯ ಬಟ್ಟಲಲ್ಲಿ ಸುಲಭಕ್ಕೆ ಬೆಳೆಯದ ಬ್ಯಾಕ್ಟೀರಿಯಾ ಅದು. ಮರದೊಳಗೆ ಸಕ್ಕರೆ ಸಾಗುವ ನಾಳಗಳಲ್ಲಿ ವಾಸ. ಒಂದು ಮರದಿಂದ ಇನ್ನೊಂದಕ್ಕೆ ಒಯ್ಯುವುದು ಪ್ರೌಟಿಸ್ಟಾ ಮೊಯೆಸ್ಟಾ ಎಂಬ ರಸಹೀರುವ ಜಿಗಿಹುಳು. ಈ ರೋಗದಲ್ಲಿ ಹಳದಿ ಬಣ್ಣ ಕೆಳಗಿನ ಎರಡು ಮೂರು ಸೋಗೆಗಳ ಗರಿಯ ತುದಿಯಲ್ಲಿ ಶುರುವಾಗಿ ಒಳಕ್ಕೆ ಸರಿಯುತ್ತದೆ, ನಡುದಿಂಡಿನ ಪಕ್ಕದಲ್ಲಿ ಹಸಿರು ಪಟ್ಟೆ ಉಳಿದಿರುತ್ತದೆ. ಕಾಯಿ ಸೀಳಿದರೆ ತಿರುಳು ಕಪ್ಪಿಟ್ಟಿರುತ್ತದೆ. ಬೇರಿನ ತುದಿಯೂ ಕಪ್ಪಾಗಿ ಕೊಳೆಯುತ್ತದೆ. ಇದಕ್ಕೆ ಔಷಧಿ ಇಲ್ಲ. ಬಸಿಗಾಲುವೆ ಸರಿಯಿಟ್ಟು, ಗೊಬ್ಬರ ಸೊಪ್ಪು ಹಾಕಿ ಮರದ ಆಯಸ್ಸು ಹೆಚ್ಚಿಸಬಹುದು, ಅಷ್ಟೇ.

ಈಗ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಒಂದಕ್ಕೆ ಮದ್ದಿಲ್ಲ, ಇನ್ನೊಂದಕ್ಕೆ ಇದೆ. ಎರಡೂ ಮರವನ್ನು ಹಳದಿ ಮಾಡುತ್ತವೆ. ಹಾಗಾಗಿ ಈ ಮೂರು ತಾಲ್ಲೂಕುಗಳಲ್ಲಿ ತಪ್ಪು ಎರಡು ದಿಕ್ಕಿನಿಂದಲೂ ಆಗಲು ಸಾಧ್ಯ. ಬೇರುಹುಳು ತಿನ್ನುತ್ತಿರುವ ತೋಟವನ್ನು ಹಳದಿ ರೋಗವೆಂದು ಕೈಬಿಡಬಹುದು. ಫೈಟೋಪ್ಲಾಸ್ಮಾ ಹೊಕ್ಕ ತೋಟಕ್ಕೆ ‘ಏನಾದರೂ ಮಾಡೋಣ’ ಎಂದು ಹುಳುವಿನ ಹರಳು ಬೀರಬಹುದು. ಎರಡನೆಯ ತಪ್ಪು ಹೆಚ್ಚು ದುಬಾರಿ. ಹಣದ ಜೊತೆ ಮಣ್ಣೂ ಹೋಗುತ್ತದೆ, ರೋಗ ಮಾತ್ರ ಇದ್ದಲ್ಲೇ ಇರುತ್ತದೆ.

ಹರಳಿನ ಉಪಾಯವನ್ನು ಮಾತ್ರ ಮೆಚ್ಚಲೇಬೇಕು. ಮಣ್ಣಿನೊಳಗಿನ ಕೀಟಕ್ಕೆ ಸಿಂಪಡಣೆ ತಲುಪುವುದಿಲ್ಲ. ತಲುಪಿಸಬೇಕೆಂದರೆ ಕೊಡಗಟ್ಟಲೆ ನೀರು ಹೊರಬೇಕು. ಪುಡಿ ಎರಚಿದರೆ ಗಾಳಿ ಪಾಲು, ಎರಚಿದವನ ಶ್ವಾಸಕೋಶದ ಪಾಲು. ಅದಕ್ಕೇ ರಸಾಯನ ಉದ್ಯಮ ಮರಳು ಅಥವಾ ಜೇಡಿಯ ಸಣ್ಣ ಕಾಳಿಗೆ ವಿಷವನ್ನು ಹೀರಿಸಿತು. ಕಾಳು ಭಾರವಿರುವುದರಿಂದ ಬೀರಿದಲ್ಲೇ ಬೀಳುತ್ತದೆ. ತೇವ ತಾಕಿದಾಗ ಮಾತ್ರ ವಿಷ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಡಬ್ಬದ ಮೇಲೆ ‘10 ಜಿ’ ಎಂದಿದ್ದರೆ ನೂರು ಗ್ರಾಂ ಹರಳಿನಲ್ಲಿ ಹತ್ತು ಗ್ರಾಂ ವಿಷ, ಉಳಿದ ತೊಂಬತ್ತು ಗ್ರಾಂ ಅದನ್ನು ಹೊತ್ತ ಕಾಳು. ‘3 ಜಿ’ ಎಂದರೆ ನೂರಕ್ಕೆ ಮೂರು.

ಮಲೆನಾಡಿನ ತೋಟಗಳಲ್ಲಿ ಹೆಸರಾದ ಹರಳು ಫೋರೇಟ್ 10 ಜಿ. ಹಳಬರಿಗೆ ಅದು ಥೈಮೆಟ್ ಎಂಬ ಅಂಗಡಿ ಹೆಸರಿನಿಂದಲೇ ಗೊತ್ತು. ಅಮೆರಿಕದ ಸೈನಮಿಡ್ ಕಂಪನಿ 1950ರ ದಶಕದಲ್ಲಿ ಹೊರತಂದ ಆರ್ಗನೋಫಾಸ್ಫರಸ್ ವಿಷ ಅದು. ಇದರ ಕೆಲಸ ನರದ ಮೇಲೆ. ಒಂದು ನರ ಇನ್ನೊಂದಕ್ಕೆ ಸುದ್ದಿ ದಾಟಿಸುವಾಗ ಅಸಿಟೈಲ್ ಕೋಲಿನ್ ಎಂಬ ರಸ ಜಿನುಗುತ್ತದೆ. ಸುದ್ದಿ ಮುಟ್ಟಿದ ಕೂಡಲೇ ಒಂದು ಕಿಣ್ವ ಆ ರಸವನ್ನು ಒಡೆದುಹಾಕಬೇಕು. ಫೋರೇಟ್ ಆ ಕಿಣ್ವದ ಕೈ ಕಟ್ಟುತ್ತದೆ. ರಸ ಅಲ್ಲೇ ಉಳಿದು ಸುದ್ದಿ ನಿಲ್ಲುವುದೇ ಇಲ್ಲ. ಸ್ನಾಯು ಅದುರುತ್ತಲೇ ಇರುತ್ತದೆ, ಕೊನೆಗೆ ಉಸಿರು ನಿಲ್ಲುತ್ತದೆ. ತೊಂದರೆ ಇರುವುದು ಇಲ್ಲೇ: ಬೇರುಹುಳುವಿನ ನರದಲ್ಲಿರುವ ಕಿಣ್ವವೇ ಎರೆಹುಳುವಿನಲ್ಲಿ, ಮೀನಿನಲ್ಲಿ, ಹಸುವಿನಲ್ಲಿ, ಬುಟ್ಟಿ ಹಿಡಿದು ಹರಳು ಬೀರುವ ಮನುಷ್ಯನಲ್ಲಿ ಇರುವುದು. ವಿಶ್ವ ಆರೋಗ್ಯ ಸಂಸ್ಥೆ ಫೋರೇಟನ್ನು ಅತ್ಯಂತ ಅಪಾಯಕಾರಿ ವರ್ಗದಲ್ಲಿ, ಎಂದರೆ ಪಟ್ಟಿಯ ತೀರಾ ಮೇಲಿನ ಸಾಲಿನಲ್ಲಿ ಇಟ್ಟಿದೆ. ನಮ್ಮಲ್ಲಿ ಅದರ ಚೀಲದ ಮೇಲೆ ಕೆಂಪು ತ್ರಿಕೋನ ಇರುತ್ತಿತ್ತು. ಆ ತ್ರಿಕೋನವನ್ನು ನೋಡುತ್ತಲೇ ಬರಿಗೈಯಲ್ಲಿ ಬೀರಿದವರ ಸಂಖ್ಯೆ ದೊಡ್ಡದು. ಬೆವರು, ಜೊಲ್ಲು, ತಲೆಸುತ್ತು ಬಂದರೆ ಬಿಸಿಲಿನ ಲೆಕ್ಕಕ್ಕೆ ಹಾಕಿ ಮಜ್ಜಿಗೆ ಕುಡಿದು ಮಲಗುತ್ತಿದ್ದರು.

ಹಾಗಿದ್ದರೂ ಇದನ್ನು ಶಿಫಾರಸು ಮಾಡಿದ್ದು ಸಂಶೋಧನಾ ಸಂಸ್ಥೆಗಳೇ. ಮರವೊಂದಕ್ಕೆ 15 ಗ್ರಾಂನಂತೆ ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮುಂಚೆ ಮೇ-ಜೂನಿನಲ್ಲಿ ಒಮ್ಮೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಇನ್ನೊಮ್ಮೆ, ಬುಡದ ಸುತ್ತ ಹಾಕಿ ಮಣ್ಣಿಗೆ ಸೇರಿಸುವುದು ಹಿಂದಿನ ಪದ್ಧತಿ. ಅದರ ಹಿಂದೆ ತರ್ಕ ಇತ್ತು. ಮೊಟ್ಟೆಯೊಡೆದ ಮರಿಗಳು ಎಳೆಯವಾಗಿರುವಾಗ, ಮೇಲ್ಮಣ್ಣಿನಲ್ಲೇ ಇರುವಾಗ ವಿಷ ಅಲ್ಲಿ ಕಾದಿರಬೇಕು. ಆ ಹೊತ್ತು ತಪ್ಪಿ, ಕೊಯ್ಲು ಮುಗಿದು ಕೈ ಬಿಡುವಾದ ಮೇಲೆ ಫೆಬ್ರವರಿಯಲ್ಲಿ ಬೀರಿದರೆ ಹರಳು ಒಣಮಣ್ಣಿನ ಮೇಲೆ ಸುಮ್ಮನೆ ಕೂತಿರುತ್ತದೆ. ಬಲಿತ ಹುಳು ತೇವ ಹುಡುಕಿಕೊಂಡು ಕೆಳಗಿಳಿದಿರುತ್ತದೆ.

ಈಗ ಒಂದು ಲೆಕ್ಕ ಹಾಕೋಣ. ಎರಡೂ ಮುಕ್ಕಾಲು ಮೀಟರಿನ ಸಮೀಪದ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 550 ಮರ. ಮರಕ್ಕೆ 15 ಗ್ರಾಂ ಎಂದರೆ ಒಂದು ಸಲಕ್ಕೆ ಎಂಟೂಕಾಲು ಕಿಲೋ ಹರಳು, ಅದರಲ್ಲಿ 825 ಗ್ರಾಂ ಅಪ್ಪಟ ವಿಷ. ಫೋರೇಟ್ ನೀರಿನಲ್ಲಿ ಕರಗುವುದು ಕಮ್ಮಿ, ಲೀಟರಿಗೆ 50 ಮಿಲಿಗ್ರಾಂ ಅಷ್ಟೇ. ಹಾಗಾದರೆ ಈ 825 ಗ್ರಾಂ ಪೂರ್ತಿ ಕರಗಲು ಹದಿನಾರೂವರೆ ಸಾವಿರ ಲೀಟರ್ ನೀರು ಬೇಕು. ಅಷ್ಟೊಂದು ನೀರೇ ಎನ್ನುವಿರಾ? ಒಂದು ಎಕರೆಯ ಮೇಲೆ ನಾಲ್ಕು ಮಿಲಿಮೀಟರ್ ಮಳೆ ಬಿದ್ದರೆ ಅಷ್ಟಾಯಿತು. ನೆಮ್ಮಾರಿನಲ್ಲಿ ಆರಿದ್ರಾ ಮಳೆ ಹಿಡಿದುಕೊಂಡರೆ ನಾಲ್ಕು ಮಿಲಿಮೀಟರನ್ನು ಯಾರೂ ಮಳೆ ಎಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇದು ಕಾಗದದ ಮೇಲಿನ ಲೆಕ್ಕ, ಒಪ್ಪುತ್ತೇನೆ. ವಾಸ್ತವದಲ್ಲಿ ಕೊಳೆತ ಸೊಪ್ಪಿನ ಅಂಶ ವಿಷವನ್ನು ಹಿಡಿದಿಟ್ಟುಕೊಳ್ಳುತ್ತದೆ, ಹರಳು ಒಂದೇ ಸಲಕ್ಕೆ ಎಲ್ಲವನ್ನೂ ಬಿಡುವುದೂ ಇಲ್ಲ. ಮಣ್ಣಿನಲ್ಲಿ ಫೋರೇಟ್ ತಾನಾಗಿಯೇ ಆಮ್ಲಜನಕ ಸೇರಿಸಿಕೊಂಡು ಸಲ್ಫಾಕ್ಸೈಡ್, ಸಲ್ಫೋನ್ ಎಂಬ ರೂಪಗಳಿಗೆ ಬದಲಾಗುತ್ತದೆ. ಇವೂ ವಿಷವೇ, ಮೂಲ ಫೋರೇಟಿಗಿಂತ ಹೆಚ್ಚು ಕಾಲ ಉಳಿಯುತ್ತವೆ, ನೀರಿನಲ್ಲಿ ಹೆಚ್ಚು ಕರಗುತ್ತವೆ. ಬೇರು ಇವನ್ನು ಹೀರಿ ಮೇಲಕ್ಕೂ ಕಳಿಸುತ್ತದೆ. ಉಳಿದದ್ದು ತೋಟದ ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. ಅಡಿಕೆ ತೋಟವನ್ನು ಕಟ್ಟಿರುವುದೇ ನೀರು ಬೇಗ ಬಸಿದು ಹೋಗಲಿ ಎಂದು ಎನ್ನುವುದನ್ನು ಮರೆಯಬಾರದು. ನೆಮ್ಮಾರಿನ ಕೆಳಗೆ ಹರಿವ ಅದೇ ತುಂಗೆ ಶೃಂಗೇರಿಯ ಮಠದ ಸೋಪಾನ ಮುಟ್ಟುತ್ತಾಳೆ. ಅಲ್ಲಿ ಯಾರೂ ಹಿಡಿಯದ ದೇವರ ಮೀನುಗಳಿಗೆ ಯಾತ್ರಿಕರು ಮಂಡಕ್ಕಿ ಹಾಕುತ್ತಾರೆ. ಫೋರೇಟಿಗೆ ಅತಿ ಬೇಗ ಸಾಯುವ ಪ್ರಾಣಿಗಳಲ್ಲಿ ಮೀನೂ ಒಂದು.

ಗದ್ದೆಯ ಕಥೆಯೂ ಇದೇ. ಕಾಂಡ ಕೊರೆಯುವ ಹುಳುವಿಗೆ, ಕಣೆ ನೊಣಕ್ಕೆ ಎಂದು ನಿಂತ ನೀರಿಗೆ ಕಾರ್ಬೋಫ್ಯುರಾನ್ ಅಥವಾ ಫೋರೇಟ್ ಹರಳು ಬೀರುತ್ತಿದ್ದರು. ಗದ್ದೆಯ ಏಡಿ, ಕಪ್ಪೆ, ಹತ್ತುಮೀನಿಗೆ ಹರಳು ಭತ್ತದ ಶತ್ರುವಿಗೆಂದು ಬಿದ್ದದ್ದು ಎಂದು ತಿಳಿಯುವುದಿಲ್ಲ. ಹಾಗೆಂದು ಮಲೆನಾಡಿನ ಎಲ್ಲ ಕಾಯಿಲೆಗೂ ಔಷಧಿಯನ್ನೇ ಹೊಣೆ ಮಾಡುವುದೂ ಸಲ್ಲ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ, ಮಂಡಿಯ ಕೀಲುಗಳನ್ನು ಹಾಳುಮಾಡುವ ಕಾಯಿಲೆ ಬೆಳಕಿಗೆ ಬಂದಾಗ ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದದ್ದೇ ಕಾರಣವೆಂಬ ಶಂಕೆ ಬಲವಾಗಿತ್ತು. ಮುಂದಿನ ಅಧ್ಯಯನಗಳು ಬೆರಳು ತೋರಿಸಿದ್ದು ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವ ದೋಷದ ಕಡೆಗೆ. ಮರಕ್ಕಾಗಲಿ ಮನುಷ್ಯರಿಗಾಗಲಿ, ಕಾರಣ ಹುಡುಕುವ ಮೊದಲೇ ತೀರ್ಪು ಕೊಡುವುದು ಸುಲಭ.

ಹರಳಿನ ವಿಷಯದಲ್ಲಿ ತೀರ್ಪು ಬಂದದ್ದು ಹಕ್ಕಿಗಳ ಕಡೆಯಿಂದ. ಹಕ್ಕಿಗಳಿಗೆ ಹಲ್ಲಿಲ್ಲ, ಕಾಳು ಅರೆಯಲು ಸಣ್ಣ ಕಲ್ಲು ನುಂಗುತ್ತವೆ. ಕೀಟನಾಶಕದ ಹರಳು ಗಾತ್ರದಲ್ಲಿ ಆ ಕಲ್ಲಿನಂತೆಯೇ ಇರುತ್ತದೆ. ಕಾರ್ಬೋಫ್ಯುರಾನಿನ ಒಂದೇ ಒಂದು ಹರಳು ಗುಬ್ಬಿಯಂಥ ಸಣ್ಣ ಹಕ್ಕಿಯನ್ನು ಕೊಲ್ಲಬಲ್ಲದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇದೇ ಕಾರಣಕ್ಕೆ 1990ರ ದಶಕದ ಮೊದಲ ವರ್ಷಗಳಲ್ಲಿ ಕಾರ್ಬೋಫ್ಯುರಾನಿನ ಹರಳು ರೂಪದ ಬಳಕೆಯನ್ನು ಬಹುಪಾಲು ನಿಲ್ಲಿಸಿತು. ಕೆನಡಾದ ಫ್ರೇಸರ್ ನದಿಯ ಮುಖಜ ಭೂಮಿಯಲ್ಲಿ ನಡೆದದ್ದು ನಮಗೆ ಇನ್ನೂ ಹತ್ತಿರದ್ದು. ಅಲ್ಲಿ ವಸಂತದಲ್ಲಿ ಹೊಲಕ್ಕೆ ಹಾಕಿದ ಹರಳುಗಳು ಚಳಿಗಾಲದವರೆಗೂ ಸತ್ವ ಕಳೆದುಕೊಂಡಿರಲಿಲ್ಲ. ಮಳೆನೀರು ನಿಂತ ಹೊಲಕ್ಕೆ ಬಂದ ಬಾತುಗಳು ಹರಳು ತಿಂದು ಸತ್ತವು, ಆ ಬಾತುಗಳನ್ನು ತಿಂದ ಹದ್ದುಗಳೂ ಸತ್ತವು. ಮಣ್ಣು ಹುಳಿಯಾಗಿದ್ದು ಸದಾ ತೇವವಾಗಿದ್ದರಿಂದ ವಿಷ ಬೇಗ ಒಡೆಯಲಿಲ್ಲ ಎಂದು ವಿಜ್ಞಾನಿಗಳು ವಿವರಿಸಿದರು. ಹುಳಿಮಣ್ಣು, ಬಿಡದ ಮಳೆ: ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಮಾಷೆಯೆಂದರೆ ಕೆಲವು ಕಡೆ ಇದಕ್ಕೆ ತದ್ವಿರುದ್ಧವೂ ಆಗಿದೆ. ಅಮೆರಿಕದ ಮೆಕ್ಕೆಜೋಳದ ಹೊಲಗಳಲ್ಲಿ ವರ್ಷವರ್ಷವೂ ಕಾರ್ಬೋಫ್ಯುರಾನ್ ಹಾಕುತ್ತ ಹೋದಂತೆ ಅದನ್ನೇ ಆಹಾರ ಮಾಡಿಕೊಂಡ ಮಣ್ಣಿನ ಬ್ಯಾಕ್ಟೀರಿಯಾಗಳು ಹೆಚ್ಚಿದವು. ಹುಳುವಿಗೆ ತಾಗುವ ಮೊದಲೇ ವಿಷ ಮುಗಿದುಹೋಗುತ್ತಿತ್ತು.

ಭಾರತದಲ್ಲಿ ಕೀಟನಾಶಕಗಳ ಕಾನೂನು ಬಂದದ್ದೇ ಒಂದು ದುರಂತದ ಬೆನ್ನಿಗೆ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಸೋರಿ ಬೆರೆತ ಹಿಟ್ಟು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಹತ್ತು ವರ್ಷದ ಮೇಲೆ, 1968ರಲ್ಲಿ ಕೀಟನಾಶಕ ಕಾಯ್ದೆ ಆಯಿತು. ಬೇರೆ ದೇಶಗಳು ಕೈಬಿಟ್ಟ 66 ಕೀಟನಾಶಕಗಳನ್ನು ಪರಿಶೀಲಿಸಲು 2013ರಲ್ಲಿ ಅನುಪಮ್ ವರ್ಮಾ ಸಮಿತಿ ರಚನೆಯಾಯಿತು. 2018ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಹನ್ನೆರಡನ್ನು ಕೂಡಲೇ, ಇನ್ನಾರನ್ನು 2020ರ ಡಿಸೆಂಬರ್ 31ರಿಂದ ನಿಷೇಧಿಸಿತು. ಆ ಆರರಲ್ಲಿ ಫೋರೇಟ್ ಇತ್ತು. ಕಾರ್ಬೋಫ್ಯುರಾನಿಗೆ 2023ರಲ್ಲಿ ಕಡಿವಾಣ ಬಿತ್ತು. ಕವಚವಿರುವ ಶೇಕಡಾ 3ರ ಹರಳನ್ನು ಬಿಟ್ಟು ಉಳಿದ ರೂಪಗಳನ್ನು ನಿಲ್ಲಿಸಲಾಯಿತು. ತಡವಾದರೂ ಸರಿಯಾದ ನಿರ್ಧಾರ ಎಂದೇ ನನ್ನ ಅಭಿಪ್ರಾಯ. ಆದರೆ ನಿಷೇಧ ಬಂದ ದಿನ ಬೇರುಹುಳುವಿಗೇನೂ ಆದೇಶ ತಲುಪಲಿಲ್ಲ. ರೈತನ ಕೈಯಿಂದ ಅಗ್ಗದ ಆಯುಧ ಹೋಯಿತು, ಹುಳು ಉಳಿಯಿತು. ಪೇಟೆಯಲ್ಲಿ ಈಗಲೂ ಹರಳುಗಳಿವೆ. ಫಿಪ್ರೊನಿಲ್, ಕಾರ್ಟಾಪ್, ಕ್ಲೋರಾಂಟ್ರಾನಿಲಿಪ್ರೋಲ್ ಭತ್ತದಂಥ ಬೆಳೆಗೆ ಸಿಗುತ್ತವೆ. ಭತ್ತಕ್ಕೆ ಒಪ್ಪಿಗೆ ಇದೆಯೆಂದ ಮಾತ್ರಕ್ಕೆ ಅಡಿಕೆ ಬುಡಕ್ಕೆ ಹಾಕಬಹುದು ಎಂದಾಗುವುದಿಲ್ಲ. ಚೀಲದ ಮೇಲೆ ಬೆಳೆಯ ಹೆಸರು ಮುದ್ರಿಸಿರುತ್ತಾರೆ, ಓದಬೇಕು.

ಹರಳಿನ ಜಾಗಕ್ಕೆ ಬರುತ್ತಿರುವ ಜೀವಿಗಳಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಸ್ಟೈನರ್ನೀಮಾ ಕಾರ್ಪೊಕ್ಯಾಪ್ಸೆ ಎಂಬ ಜಂತು. ಕಣ್ಣಿಗೆ ಕಾಣದಷ್ಟು ಸಣ್ಣದು. ಮೆಣಸಿನ ಬೇರು ಕೊರೆಯುವ ಜಂತುಗಳ ದೂರದ ನಂಟ, ಆದರೆ ಗಿಡದ ತಂಟೆಗೆ ಹೋಗುವುದಿಲ್ಲ. ತೇವದ ಮಣ್ಣಿನಲ್ಲಿ ಹುಳುವನ್ನು ಹುಡುಕಿ ಅದರ ಬಾಯಿ, ಗುದ ಅಥವಾ ಉಸಿರುರಂಧ್ರದಿಂದ ಒಳಹೊಕ್ಕು, ತನ್ನ ಹೊಟ್ಟೆಯಲ್ಲಿ ಸಾಕಿಕೊಂಡ ಬ್ಯಾಕ್ಟೀರಿಯಾವನ್ನು ಹೊರಬಿಡುತ್ತದೆ. ಆ ಬ್ಯಾಕ್ಟೀರಿಯಾ ಎರಡು ಮೂರು ದಿನದಲ್ಲಿ ಹುಳುವನ್ನು ಕೊಲ್ಲುತ್ತದೆ, ಜಂತು ಆ ಹೆಣದಲ್ಲೇ ಸಂಸಾರ ಬೆಳೆಸುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಹೆಕ್ಟೇರಿಗೆ 150 ಕೋಟಿ ಜಂತುಗಳನ್ನು ನೀರಿನಲ್ಲಿ ಕಲಸಿ ಮರಗಳ ನಡುವಿನ ಮಣ್ಣಿಗೆ ಕೊಡಲು ಹೇಳುತ್ತದೆ. ಮರವೊಂದಕ್ಕೆ ಹನ್ನೊಂದು ಲಕ್ಷದ ಹತ್ತಿರ. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಇದರ ಬಳಗದ ಹೆಟೆರೊರ್ಹಾಬ್ಡಿಟಿಸ್ ಇಂಡಿಕಾ ಜಂತುವನ್ನು ಪುಡಿ ರೂಪಕ್ಕೆ ತಂದಿದೆ. ಬಿಸಿಲು, ಒಣಮಣ್ಣು ಇವಕ್ಕೆ ಆಗದು. ಒಣಸೀಮೆಯಲ್ಲಿ ಅದೇ ದೊಡ್ಡ ತೊಡಕು. ಮರದ ನೆರಳು, ಸೊಪ್ಪಿನ ಹೊದಿಕೆ, ವರ್ಷದ ಬಹುಪಾಲು ತೇವ ಇರುವ ಮಲೆನಾಡಿನ ತೋಟ ಇವಕ್ಕೆ ಹೇಳಿ ಮಾಡಿಸಿದ ಜಾಗ. ಯಾವ ಮಳೆ ಹರಳನ್ನು ಹೊಳೆಗೆ ಒಯ್ಯುತ್ತದೋ ಅದೇ ಮಳೆ ಈ ಜಂತುವಿಗೆ ದಾರಿ ಮಾಡಿಕೊಡುತ್ತದೆ.

ಮೆಟಾರೈಜಿಯಂ ಎಂಬ ಹಸಿರು ಶಿಲೀಂಧ್ರದ ಚರಿತ್ರೆ ಇನ್ನೂ ಹಳೆಯದು. 1879ರಲ್ಲಿ ಇಲ್ಯಾ ಮೆಚ್ನಿಕಾಫ್ ಇದನ್ನು ಗುರುತಿಸಿದ್ದು ಒಡೆಸ್ಸಾದ ಬಳಿ ಗೋಧಿ ಬೆಳೆಗೆ ಕಾಟ ಕೊಡುತ್ತಿದ್ದ ದುಂಬಿಯ ಮರಿಯಲ್ಲಿ. ಆತ ಮುಂದೆ ರೋಗನಿರೋಧಕ ಶಕ್ತಿಯ ಮೇಲಿನ ಕೆಲಸಕ್ಕೆ 1908ರ ನೊಬೆಲ್ ಹಂಚಿಕೊಂಡ. ಅದಕ್ಕೂ ಮೊದಲೇ ಮಣ್ಣಿನ ಹುಳುವಿಗೆ ಮಣ್ಣಿನದೇ ರೋಗ ಹಚ್ಚಬಹುದು ಎಂದು ಯೋಚಿಸಿದ್ದ. ಕೊಟ್ಟಿಗೆ ಗೊಬ್ಬರಕ್ಕೆ ಇದನ್ನು ಬೆರೆಸಿ ಹಾಕುವ ರೂಢಿ ಈಗ ನಮ್ಮಲ್ಲೂ ಬಂದಿದೆ. ಇವುಗಳಿಂದ ಹರಳಿನ ವೇಗ ನಿರೀಕ್ಷಿಸಬಾರದು. ಒಂದೇ ಮಳೆಗಾಲದಲ್ಲಿ ತೋಟ ಚೊಕ್ಕಟವಾಗುತ್ತದೆ ಎಂದು ಮಾರುವವರನ್ನು ನಂಬಲೂಬಾರದು.

ಇವೆಲ್ಲಕ್ಕಿಂತ ಅಗ್ಗದ್ದು ದುಂಬಿ ಹಿಡಿಯುವುದು. ದುಂಬಿ ಏಳುವ ದಿನಗಳಲ್ಲಿ, ಎರಡು ವಾರ, ದಿನವೂ ಸಂಜೆ ತೋಟಕ್ಕಿಳಿದು ಕೈಗೆ ಸಿಕ್ಕ ದುಂಬಿಯನ್ನು ಸೀಮೆಎಣ್ಣೆ ಬೆರೆಸಿದ ನೀರಿನ ಡಬ್ಬಕ್ಕೆ ಹಾಕಬೇಕು. ಮೊಟ್ಟೆ ಇಡುವ ಮೊದಲು ಸಿಕ್ಕ ಒಂದೊಂದು ಹೆಣ್ಣೂ ಲಾಭವೇ. ಆದರೆ ಒಬ್ಬರ ತೋಟದಲ್ಲಿ ಮಾಡಿದರೆ ಫಲ ಕಮ್ಮಿ, ಕಣಿವೆಯ ಎಲ್ಲರೂ ಒಟ್ಟಿಗೆ ಇಳಿಯಬೇಕು. ಕೂಲಿಗೆ ಜನ ಸಿಗದ ಈ ಕಾಲದಲ್ಲಿ ಮುಂಗಾರಿನ ಸಂಜೆ, ಉಂಬಳ ಕಚ್ಚಿಸಿಕೊಂಡು ದುಂಬಿ ಹಿಡಿಯಿರಿ ಎಂದು ಪುಸ್ತಕದಲ್ಲಿ ಬರೆಯುವುದು ಸುಲಭ ಎಂಬುದೂ ಗೊತ್ತಿದೆ.

ಆದ್ದರಿಂದ ಹಳದಿ ಮರ ಕಂಡ ಕೂಡಲೇ ಔಷಧಿ ಅಂಗಡಿಗೆ ಹೋಗಬೇಡಿ. ಬುಡದಿಂದ ಒಂದೆರಡು ಅಡಿ ದೂರದಲ್ಲಿ, ಒಂದಡಿ ಆಳ ಅಗೆದು ನೋಡಿ. ಒಂದೇ ಮರವಲ್ಲ, ತೋಟದ ಬೇರೆ ಬೇರೆ ಕಡೆ ನಾಲ್ಕಾರು ಮರ. ಹುಳು ಸಿಕ್ಕರೆ ಎಣಿಸಿ, ಒಂದೆರಡನ್ನು ಡಬ್ಬದಲ್ಲಿ ಮಣ್ಣಿನ ಜೊತೆ ಹಾಕಿ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಹತ್ತಿರದ ತೋಟಗಾರಿಕಾ ಇಲಾಖೆಗೋ ತೋರಿಸಿ, ಈಗ ಒಪ್ಪಿಗೆ ಇರುವ ಉಪಾಯ ಯಾವುದು ಎಂದು ಕೇಳಿ. ಹುಳು ಸಿಗದೆ ಬೇರಿನ ತುದಿ ಕಪ್ಪಾಗಿದ್ದರೆ ಹರಳಾಗಲಿ ದ್ರವವಾಗಲಿ ಯಾವ ಕೀಟನಾಶಕವೂ ಆ ಬೇರಿಗೆ ಬೇಡ. ಇನ್ನು ಅಟ್ಟದ ಮೂಲೆಯಲ್ಲಿ ಹಳೆಯ ಫೋರೇಟ್ ಚೀಲ ಉಳಿದಿದ್ದರೆ ಅದನ್ನು ಹಾಳಾಗಬಾರದೆಂದು ತೋಟಕ್ಕೆ ಬೀರಬೇಡಿ, ಹಂದಿಗೆ ಇಡಬೇಡಿ, ಹಳ್ಳಕ್ಕೆ ಸುರಿಯಬೇಡಿ, ಸುಡಲೂಬೇಡಿ. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಟ್ಟು, ವಿಲೇವಾರಿ ಹೇಗೆಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.